ಅಪ್ಪ ಅಮ್ಮನಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡಿಸುವ ಮುಂಚೆ ಇದನ್ನು ಓದಿ

ಮನೆಯ ಹಿರಿಯರಿಗೆ ಅಂತ ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಪ್ಪನ ಪೆನ್ಷನ್ ಖಾತೆ ಖಾಲಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು. ಅಂಗಡಿಯವರು ಆ ಲ್ಯಾಪ್‌ಟಾಪಿಗೆ ಏನೇನು ತುಂಬಿ ಕೊಟ್ಟಿದ್ದರು ಅನ್ನೋದು ಆಮೇಲೆ ಒಂದೊಂದಾಗಿ ಗೊತ್ತಾಯಿತು.

ಅಪ್ಪ ಅಮ್ಮ ಇರುವುದು ಹನುಮಂತನಗರದಲ್ಲಿ. ಫೋನಿನಲ್ಲಿ ಇ-ಪೇಪರ್ ಓದಿ ಓದಿ ಕಣ್ಣು ನೋಯುತ್ತದೆ, ದೊಡ್ಡ ಸ್ಕ್ರೀನ್ ಬೇಕು ಅಂತ ಅಪ್ಪನೇ ಕೇಳಿದ್ದರು. ಅವರ ಬಳಕೆ ಇಷ್ಟೇ: ಪೇಪರ್, ಯೂಟ್ಯೂಬಿನಲ್ಲಿ ಗಮಕ, ಭೂಮಿ ವೆಬ್‌ಸೈಟಿನಲ್ಲಿ ಊರಿನ ಜಮೀನಿನ ಪಹಣಿ, ಬೆಸ್ಕಾಂ ಬಿಲ್ಲು, ಪೆನ್ಷನ್ ಬಂತಾ ಅಂತ ನೋಡುವುದು. ಇದಕ್ಕೆ ಐವತ್ತು ಸಾವಿರದ ಹೊಸ ಲ್ಯಾಪ್‌ಟಾಪ್ ಯಾಕೆ ಅಲ್ವಾ? ಆ ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಸರಿ ಅಂತಲೇ ನನಗೆ ಅನಿಸುತ್ತದೆ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಡುವ ಲ್ಯಾಪ್‌ಟಾಪ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬರುತ್ತವೆ. ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಒಳ್ಳೆಯ ಮಾಲನ್ನು ಬಿಲ್ ಸಮೇತ ಕೊಡುವವರೂ ಸಿಗುತ್ತಾರೆ. ಅಪ್ಪನಿಗೆ ಸಿಕ್ಕಿದ್ದು ಬೇರೆ ಥರದವರು.

ಪಕ್ಕದ ಮನೆಯವರ ಜೊತೆ ಹೋಗಿ 14,500 ರೂಪಾಯಿ ಕೊಟ್ಟು ತಂದರು. ಅಂಗಡಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಲ್ಯಾಪ್‌ಟಾಪಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ಐ5, 8 ಜಿಬಿ, 256 ಎಸ್‌ಎಸ್‌ಡಿ, ವಿಂಡೋಸ್ 11, ಆಫೀಸ್ ಫ್ರೀ. “ಐ5 ಅಂಕಲ್ ಇದು, ಹತ್ತು ವರ್ಷ ಯೋಚ್ನೆ ಇಲ್ಲ” ಅಂದರಂತೆ. ಬಿಲ್ ಕೇಳಿದ್ದಕ್ಕೆ “ಜಿಎಸ್‌ಟಿ ಬಿಲ್ ಅಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ, ಸುಮ್ನೆ ಯಾಕೆ ಅಂಕಲ್” ಅಂತ ಬಿಳಿ ಹಾಳೆಯಲ್ಲಿ ಮೊತ್ತ ಬರೆದು ಕೊಟ್ಟರು. ದುಡ್ಡನ್ನು ಅಪ್ಪ ಯುಪಿಐನಲ್ಲಿ ಕಟ್ಟಿದರು. ಅದೊಂದು ಮುಂದೆ ಕೈ ಹಿಡಿಯಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಸ್ಕ್ರೀನಿನ ಬಲಗಡೆ ಮೂಲೆಯಲ್ಲಿ ಕೆಂಪು ಬಣ್ಣದ ಎಚ್ಚರಿಕೆಗಳು ಬರತೊಡಗಿದವು. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಬ್ಯಾಂಕ್ ಮಾಹಿತಿ ಸೋರುತ್ತಿದೆ ಅಂತ. ಒಂದು ದಿನ ಇಡೀ ಸ್ಕ್ರೀನ್ ತುಂಬ ಮೈಕ್ರೋಸಾಫ್ಟ್ ಚಿಹ್ನೆ, ಜೋರು ಬೀಪ್ ಸದ್ದು, ಕೆಳಗೆ ಒಂದು ಫೋನ್ ನಂಬರ್. ಮುಚ್ಚೋಣ ಅಂದರೆ ಮುಚ್ಚುತ್ತಿಲ್ಲ. ಅಪ್ಪ ಗಾಬರಿಯಾಗಿ ಆ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿದ. ದೂರದಿಂದಲೇ ಸರಿ ಮಾಡಿಕೊಡುತ್ತೇನೆ ಅಂತ ಒಂದು ಆ್ಯಪ್ ಹಾಕಿಸಿದ. ಮೌಸಿನ ಬಾಣ ತಾನಾಗಿಯೇ ಓಡಾಡತೊಡಗಿತು. ನಿಮ್ಮ ಖಾತೆ ಸೇಫಾಗಿದೆಯಾ ನೋಡೋಣ, ಲಾಗಿನ್ ಮಾಡಿ ಅಂದ. ಅಡುಗೆ ಮನೆಯಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಬ್ಯಾಂಕ್ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಬಂದು ವೈಫೈ ರೂಟರಿನ ಸ್ವಿಚ್ ಆರಿಸಿದರು. ಅಮ್ಮನಿಗೆ ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲ. ಆದರೆ ಆ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಅವರು ಮಾಡಿದರು.

ದುಡ್ಡು ಹೋಗಲಿಲ್ಲ. ಮರುದಿನ ಬ್ಯಾಂಕಿಗೇ ಹೋಗಿ ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಪಾಸ್‌ವರ್ಡ್ ಬದಲಾಯಿಸಿಕೊಂಡು ಬಂದೆವು. ಅಪ್ಪ ತುಂಬ ದಿನ ಸಪ್ಪಗಿದ್ದರು. ಇಡೀ ಜೀವನ ಲೆಕ್ಕಪತ್ರ ನೋಡಿಕೊಂಡು ಬಂದ ಮನುಷ್ಯ, ನನಗೇ ಹೀಗಾಯಿತಲ್ಲ ಅಂತ. ಇದರಲ್ಲಿ ಅವರ ತಪ್ಪು ಏನೂ ಇಲ್ಲ ಅಂತ ನಾನು ಮತ್ತೆ ಮತ್ತೆ ಹೇಳಬೇಕಾಯಿತು.

ಆಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸಿನ ಲೈಸೆನ್ಸ್ ಸ್ಥಿತಿ ತೋರಿಸುವ ಆ್ಯಕ್ಟಿವೇಶನ್ ಅನ್ನೋ ಪುಟ ಇದೆಯಲ್ಲ, ಅಲ್ಲಿ ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ’ಯಿಂದ ವಿಂಡೋಸ್ ಆ್ಯಕ್ಟಿವೇಟ್ ಆಗಿದೆ ಅಂತ ಇಂಗ್ಲಿಷಿನಲ್ಲಿತ್ತು. ನಮ್ಮಪ್ಪನಿಗೆ ಯಾವ ಸಂಸ್ಥೆ? ಅದು ದೊಡ್ಡ ಕಂಪನಿಗಳು ತಮ್ಮ ಸರ್ವರಿನಿಂದ ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಆ್ಯಕ್ಟಿವೇಟ್ ಮಾಡುವ ವ್ಯವಸ್ಥೆ. 180 ದಿನದೊಳಗೆ ಅದು ಮತ್ತೆ ನವೀಕರಣ ಆಗಬೇಕು. ಅಂಗಡಿಗಳಲ್ಲಿ ಒಂದು ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿ, ಅಂಥ ಸರ್ವರ್ ಇದೆ ಅಂತ ವಿಂಡೋಸನ್ನು ನಂಬಿಸುತ್ತಾರೆ. ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ಇಂಥ ಕ್ರ್ಯಾಕನ್ನು ಹಿಡಿದು ಅಳಿಸಿಬಿಡುತ್ತದೆ. ಹಾಗಾಗಿ ಮೊದಲು ಡಿಫೆಂಡರಿನ ಬಾಯಿ ಮುಚ್ಚಿಸುತ್ತಾರೆ. ಅಪ್ಪನ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆರೆದು ನೋಡಿದರೆ ಇಡೀ ಸಿ ಡ್ರೈವ್ ಅಲ್ಲಿತ್ತು. ಅಂದರೆ ಈ ಡ್ರೈವಿನಲ್ಲಿ ಏನಿದ್ದರೂ ಪರೀಕ್ಷೆ ಮಾಡಬೇಡ ಅಂತ ಕಾವಲುಗಾರನಿಗೆ ಹೇಳಿಟ್ಟ ಹಾಗೆ. ಬಾಗಿಲು ಹೀಗೆ ತೆಗೆದಿಟ್ಟ ಕಂಪ್ಯೂಟರಿನಲ್ಲಿ ಅಪ್ಪ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದರು. ನನಗೆ ಸಿಟ್ಟು ಬಂದಿದ್ದು ಇಲ್ಲಿ.

ಕ್ರೋಮ್ ಬ್ರೌಸರಿನಲ್ಲಿ ಹೆಸರು ಕೇಳದ ಎಕ್ಸ್‌ಟೆನ್ಶನ್‌ಗಳಿದ್ದವು, ಅಂದರೆ ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂಗಳು. ಏನು ಹುಡುಕಿದರೂ ಬೇರೆ ಯಾವುದೋ ಜಾಹೀರಾತು ಪುಟಕ್ಕೆ ಕರೆದುಕೊಂಡು ಹೋಗುತ್ತಿದ್ದವು. ನೋಟಿಫಿಕೇಶನ್ ಕಳಿಸಲು ಅನುಮತಿ ಪಡೆದ ಸೈಟುಗಳ ಪಟ್ಟಿ ಉದ್ದಕ್ಕಿತ್ತು. ಮೂಲೆಯಲ್ಲಿ ಬರುತ್ತಿದ್ದ ಕೆಂಪು ಎಚ್ಚರಿಕೆಗಳೆಲ್ಲ ಅವುಗಳದ್ದೇ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಹೊಸ, ಅಸಲಿ ಕಂಪ್ಯೂಟರಿನಲ್ಲೂ ಯಾವುದೋ ಸೈಟಿನಲ್ಲಿ ‘ಅಲೋ’ ಒತ್ತಿದರೆ ಇಂಥವು ಬರುತ್ತವೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅದು ಮೋಸ. ಇದನ್ನು ಇವತ್ತೇ ಮನೆಯವರಿಗೆ ಹೇಳಿ.

ಇನ್ನು ಆ ‘ಐ5’ ಕಥೆ. ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪಿನ ಹೆಸರು, ಹದಿನೈದು ವರ್ಷಕ್ಕೂ ಹಳೆಯದು. ಅದರ ಮುಂದಿನ ನಂಬರಿನಲ್ಲಿ ಅಸಲಿ ವಿಷಯ ಇರುತ್ತದೆ. ಅಪ್ಪನದು ಐ5-4300ಯು. ಮೊದಲ ಅಂಕಿ 4, ಅಂದರೆ ನಾಲ್ಕನೇ ಜನರೇಶನ್, 2013ರ ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಆಮೇಲಿನದು ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಹಳೆಯ ಯಂತ್ರಕ್ಕೂ ತಪಾಸಣೆ ತಪ್ಪಿಸಿ ವಿಂಡೋಸ್ 11 ತುರುಕಬಹುದು, ಇವರು ಮಾಡಿದ್ದು ಅದನ್ನೇ. ಆದರೆ ಹಾಗೆ ಹಾಕಿದ ಮೇಲೆ ಹೊಸ ಆವೃತ್ತಿಗಳು ತಾವಾಗಿ ಬರುವುದಿಲ್ಲ. ಇದರಲ್ಲಿ ಇದ್ದದ್ದು 22ಎಚ್2 ಆವೃತ್ತಿ. ಮನೆಬಳಕೆಯ ಕಂಪ್ಯೂಟರುಗಳಿಗೆ ಅದರ ಸೆಕ್ಯುರಿಟಿ ಅಪ್‌ಡೇಟ್ 2024ರ ಅಕ್ಟೋಬರಿನಲ್ಲೇ ನಿಂತಿತ್ತು. ವಿಂಡೋಸ್ 10 ಇದ್ದರೆ ಸಾಕಲ್ಲ ಅನ್ನುವವರು ಗಮನಿಸಿ, ಅದರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಂಗಡಿಗೆ ಹೋದಾಗ ಮೊದಲ ಉತ್ತರ “ಮಾರಿದ ಮಾಲು ವಾಪಸ್ ಇಲ್ಲ”. ಈ ಮಾತಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದೇ ಇರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಅಪ್ಪನ ಯುಪಿಐ ಪಾವತಿಯಲ್ಲಿ ಅಂಗಡಿಯ ಹೆಸರು, ತಾರೀಖು, ಮೊತ್ತ ಎಲ್ಲ ಇತ್ತು. ಆ ಚೀಟಿಯ ಫೋಟೋ, ಆ್ಯಕ್ಟಿವೇಶನ್ ಪುಟದ ಫೋಟೋ ಕೂಡ ಇಟ್ಟುಕೊಂಡಿದ್ದೆ. ದೂರಿನ ನಂಬರ್ ತೋರಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ಎರಡು ಸಾವಿರ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಪೂರ್ತಿ ಬರಬೇಕಿತ್ತು. ಅಪ್ಪ ಸಾಕು ಬಿಡು ಅಂದಿದ್ದಕ್ಕೆ ಬಿಟ್ಟೆ. ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.

ಈಗ ಅಪ್ಪನ ಹತ್ತಿರ ಇರುವುದು ಕೂಡ ಸೆಕೆಂಡ್ ಹ್ಯಾಂಡೇ, ಐ5-8350ಯು. ಬಿಲ್ ಸಮೇತ ತಂದದ್ದು. ಅಂಗಡಿಯಲ್ಲೇ ಕೂತು ಆ್ಯಕ್ಟಿವೇಶನ್ ಪುಟ ತೆರೆಸಿದೆ, ಯಾವ ಸಂಸ್ಥೆಯ ಮಾತೂ ಇಲ್ಲದೆ, ಆ ಯಂತ್ರಕ್ಕೇ ಸೇರಿದ ಡಿಜಿಟಲ್ ಲೈಸೆನ್ಸ್ ಅಂತ ತೋರಿಸಿತು. ಚಾರ್ಜರ್ ಕಿತ್ತು ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ನೋಡಿದೆ. ಆಮೇಲೆ ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಪೂರ್ತಿ ರಿಸೆಟ್ ಮಾಡಿಸಿದೆ. ಇದು ಬಹಳ ಮುಖ್ಯ. ಕಂಪನಿಯಿಂದ ಬಂದ ಲ್ಯಾಪ್‌ಟಾಪ್ ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದ್ದರೆ, ರಿಸೆಟ್ ಆಗಿ ಇಂಟರ್ನೆಟ್ ಸಿಕ್ಕ ಕೂಡಲೇ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳುತ್ತದೆ. ಹಾಗೆ ಬಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ರಿಸೆಟ್‌ಗೆ ಒಪ್ಪದ ಅಂಗಡಿಯಿಂದಲೂ ಎದ್ದು ಬನ್ನಿ.

ಬರೀ ಬ್ರೌಸರ್ ಸಾಕು ಅನ್ನುವವರಿಗೆ, ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್ ಒಳ್ಳೆಯದು. ಆದರೆ ಪ್ರತಿ ಮಾಡೆಲಿಗೂ ಅಪ್‌ಡೇಟ್ ನಿಲ್ಲುವ ದಿನ ಅಂತ ಒಂದಿದೆ, ಸೆಟ್ಟಿಂಗ್ಸ್‌ನ ‘ಅಬೌಟ್ ಕ್ರೋಮ್‌ಓಎಸ್’ ಒಳಗೆ ಕಾಣಿಸುತ್ತದೆ. 2021ರಿಂದ ಈಚೆಗೆ ಬಂದ ಮಾಡೆಲುಗಳಿಗೆ 10 ವರ್ಷ ಕೊಡುತ್ತಾರೆ. ಆ ಲೆಕ್ಕ ನೀವು ಕೊಂಡ ದಿನದಿಂದ ಅಲ್ಲ, ಆ ಬಗೆಯ ಹಾರ್ಡ್‌ವೇರ್ ಮೊದಲು ಮಾರುಕಟ್ಟೆಗೆ ಬಂದಾಗಿನಿಂದ. ಹೊಸದೇ ಬೇಕು, ಅಗ್ಗವೂ ಇರಬೇಕು ಅನ್ನುವವರು 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಹಾಕುವ ಅಗ್ಗದ ಸ್ಟೋರೇಜ್) ಇರುವ ವಿಂಡೋಸ್ ಲ್ಯಾಪ್‌ಟಾಪಿಗೆ ಕೈ ಹಾಕಬೇಡಿ. ವಿಂಡೋಸ್ ಕೂತ ಮೇಲೆ ದೊಡ್ಡ ಅಪ್‌ಡೇಟಿಗೆ ಜಾಗವೇ ಉಳಿಯುವುದಿಲ್ಲ.

ಈಗಾಗಲೇ ಇಂಥದ್ದೊಂದು ನಿಮ್ಮ ಮನೆಯಲ್ಲಿದ್ದರೆ ಅದರಲ್ಲಿ ಬ್ಯಾಂಕ್ ಕೆಲಸ ಇವತ್ತಿನಿಂದಲೇ ನಿಲ್ಲಿಸಿ. ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಾಯಿಸಿ, ಆ ಲ್ಯಾಪ್‌ಟಾಪಿನಿಂದ ಬೇಡ. ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಂಡು ಡಿಸ್ಕನ್ನು ಪೂರ್ತಿ ಅಳಿಸಿ. ಯಂತ್ರ ಹಳೆಯದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅಥವಾ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿಸಿ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಪೇಪರ್ ಓದುವುದಕ್ಕೂ ಯೂಟ್ಯೂಬಿಗೂ ಧಾರಾಳವಾಗಿ ಸಾಕು. ಖಾತೆಯಿಂದ ದುಡ್ಡು ಹೋಗಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.