ಹಾಲೋ ನೈಟ್, ಓರಿ, ಲಾಸ್ಟ್ ಕ್ರೌನ್: ರಾತ್ರಿ ಒಂದು ಗಂಟೆ ಆಡುವವರಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಈ ಮೂರು ವಿಡಿಯೋ ಗೇಮ್‌ಗಳಲ್ಲಿ ನನ್ನದು ಹಾಲೋ ನೈಟ್. ಆಟ ಮುಗಿದು ಎಷ್ಟೋ ತಿಂಗಳಾಯ್ತು, ಇನ್ನೂ ಲ್ಯಾಪ್‌ಟಾಪಿನಿಂದ ತೆಗೆಯಲು ಮನಸ್ಸು ಬಂದಿಲ್ಲ. ಆದರೆ ನಾನು ಮೊದಲು ದುಡ್ಡು ಕೊಟ್ಟಿದ್ದು ಅದಕ್ಕಲ್ಲ. ದೀಪಾವಳಿ ಬೋನಸ್ ಬಂದಾಗ 'ಓರಿ ಆ್ಯಂಡ್ ದ ವಿಲ್ ಆಫ್ ದ ವಿಸ್ಪ್ಸ್' ಕೊಂಡೆ. ಅದರ ಟ್ರೇಲರ್ ನೋಡಿದವರು ಯಾರಾದರೂ ಅದನ್ನೇ ಕೊಳ್ಳುತ್ತಾರೆ, ಅಷ್ಟು ಚಂದ. ಹಾಲೋ ನೈಟ್ ಆಮೇಲೆ ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತಗೊಂಡಿದ್ದು.

ನಾನಿರುವುದು ವಿಜಯಪುರದಲ್ಲಿ. ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಗೆ ಬಂದು ರೊಟ್ಟಿ ತಿಂದು ಕೂರುವಷ್ಟರಲ್ಲಿ ರಾತ್ರಿ ಹತ್ತು. ಹತ್ತರಿಂದ ಹನ್ನೊಂದು, ಅದು ನನ್ನ ಆಟದ ಹೊತ್ತು. ಲ್ಯಾಪ್‌ಟಾಪ್ ಹಳೆಯದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬ್ಯಾಟರಿ ಸತ್ತು ಎಷ್ಟೋ ದಿನ ಆಯ್ತು. ಕೆಳಗೆ ಹೇಳುವ ಎಲ್ಲ ಮಾತನ್ನೂ ಇದನ್ನು ನೆನಪಿನಲ್ಲಿಟ್ಟುಕೊಂಡೇ ಓದಿ.

ಈ ಜಾತಿಯ ಆಟಗಳಿಗೆ ಮೆಟ್ರಾಯ್ಡ್‌ವೇನಿಯಾ ಅನ್ನುತ್ತಾರೆ. 1986ರಲ್ಲಿ ಬಂದ ಮೆಟ್ರಾಯ್ಡ್ ಮತ್ತು ಕ್ಯಾಸಲ್‌ವೇನಿಯಾ ಎರಡರ ಹೆಸರು ಸೇರಿಸಿ ಮಾಡಿದ ಮಾತು. ಮಾರಿಯೋದಲ್ಲಿ ಬಲಕ್ಕೆ ಓಡುತ್ತಾ ಹೋದರೆ ಸಾಕು, ಬಿಟ್ಟು ಬಂದ ಜಾಗಕ್ಕೆ ಮತ್ತೆ ಹೋಗಬೇಕಿಲ್ಲ. ಇಲ್ಲಿ ಹಾಗಲ್ಲ. ಇವತ್ತು ಎಟುಕದ ಕಟ್ಟೆಯೊಂದನ್ನು ನೋಡಿ ಮುಂದೆ ಹೋಗುತ್ತೀರಿ. ಹತ್ತು ದಿನ ಬಿಟ್ಟು ಗೋಡೆ ಹಿಡಿದು ಹತ್ತುವ ಶಕ್ತಿ ಸಿಗುತ್ತದೆ. ಆಗ ಆ ಕಟ್ಟೆ ನೆನಪಾಗಬೇಕು. ಅಲ್ಲಿಗೆ ವಾಪಸ್ ಹೋಗುವ ದಾರಿಯೂ ನೆನಪಾಗಬೇಕು. ಆಟ ಇರುವುದೇ ಆ ನೆನಪಿನಲ್ಲಿ.

ಓರಿಯಲ್ಲಿ ಓಡಾಟವೇ ಒಂದು ಸುಖ. ಇದನ್ನು ಒಪ್ಪಲೇಬೇಕು. ಬ್ಯಾಶ್ ಅನ್ನುವ ಒಂದು ವಿದ್ಯೆ ಇದೆ. ಶತ್ರು ನಿಮ್ಮ ಮೇಲೆ ಬೆಂಕಿಯುಂಡೆ ಎಸೆದಿರುತ್ತಾನೆ. ಅದು ಹತ್ತಿರ ಬಂದಾಗ ಬಟನ್ ಒತ್ತಿ ಹಿಡಿದರೆ ಎಲ್ಲವೂ ನಿಂತುಬಿಡುತ್ತದೆ. ದಿಕ್ಕು ತೋರಿಸಿ ಬಿಟ್ಟರೆ ನಾವು ಆಡಿಸುವ ಓರಿ ಒಂದು ಕಡೆ, ಉಂಡೆ ಇನ್ನೊಂದು ಕಡೆ ಹಾರುತ್ತದೆ. ನೆಲ ಮುಟ್ಟದೆ ಮೂರು ನಾಲ್ಕು ಸಲ ಹೀಗೆ ಹಾರಿ ಒಂದು ಕಮರಿ ದಾಟಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಮರಳಿನೊಳಗೆ ಮುಳುಗಿ ಈಜುವ ಜಾಗವೂ ಇದೆ, ಅದೂ ಅಷ್ಟೇ ಮಜಾ. ಹಾಲೋ ನೈಟ್‌ನ ಪುಟ್ಟ ಯೋಧನ ಜಿಗಿತ ಇದರ ಮುಂದೆ ಸಾದಾ.

ಆದರೆ ನನ್ನ ಲ್ಯಾಪ್‌ಟಾಪಿಗೆ ಓರಿ ಭಾರ. ಕಾಡಿನಲ್ಲಿ ಎಲೆ, ಬೆಳಕು, ನೀರು ಎಲ್ಲ ಒಟ್ಟಿಗೆ ಅಲುಗಾಡುವಾಗ ಚಿತ್ರ ತಡವರಿಸುತ್ತಿತ್ತು. ಸುಮ್ನೆ ನಡೆಯುವಾಗ ಅದರಿಂದ ತೊಂದರೆ ಇಲ್ಲ. ಹಿಂದೆ ದೊಡ್ಡ ಹುಳ ಅಟ್ಟಿಸಿಕೊಂಡು ಬರುವಾಗ ಅರ್ಧ ಸೆಕೆಂಡ್ ತಡವರಿಸಿದರೆ ಕಥೆ ಮುಗೀತು. ರೆಸಲ್ಯೂಷನ್ ಇಳಿಸಿದೆ, ಅಲ್ಲಿಗೆ ಸ್ವಲ್ಪ ಸುಧಾರಿಸಿತು. ಆದರೆ ಯಾವ ಚಂದ ನೋಡಿ ಕೊಂಡಿದ್ದೆನೋ ಆ ಚಂದವೇ ಮಸುಕಾಯಿತು. ಇದು ನನ್ನ ಯಂತ್ರದ ತಪ್ಪು, ಆಟದ್ದಲ್ಲ. ಆದರೂ ಕೊಳ್ಳುವ ಮೊದಲು ನಿಮ್ಮ ಯಂತ್ರ ನೋಡಿಕೊಳ್ಳಿ.

ಓರಿಯಲ್ಲಿ ನಾನು ಒಂದು ಸಲವೂ ದಾರಿ ತಪ್ಪಲಿಲ್ಲ. ನಡೆದ ಹಾಗೆ ನಕ್ಷೆ ತಾನೇ ತುಂಬುತ್ತದೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಗುರುತೂ ಇರುತ್ತದೆ. ಸತ್ತರೆ ಪಕ್ಕದಲ್ಲೇ ಎದ್ದು ನಿಲ್ಲುತ್ತೀರಿ, ಏನೂ ಕಳೆದುಹೋಗುವುದಿಲ್ಲ. ಎಷ್ಟು ಆರಾಮ ಅಲ್ವಾ? ಆದರೆ ಆಡಿ ಮುಗಿಸಿ ಎರಡು ತಿಂಗಳಾದ ಮೇಲೆ ಆ ಕಾಡಿನ ಯಾವ ದಾರಿಯೂ ನನಗೆ ನೆನಪಿರಲಿಲ್ಲ.

ಈಗ ಹಾಲೋ ನೈಟ್‌ನ ನಕ್ಷೆಯ ಕಥೆ. ಸ್ವಲ್ಪ ಉದ್ದ ಹೇಳುತ್ತೇನೆ. ಈ ಆಟವನ್ನು ಅರ್ಧಕ್ಕೆ ಬಿಟ್ಟ ನನ್ನ ಮೂವರು ಗೆಳೆಯರೂ ಇದೊಂದೇ ಕಾರಣಕ್ಕೆ ಬಿಟ್ಟಿದ್ದಾರೆ.

ಹೊಸ ಜಾಗಕ್ಕೆ ಕಾಲಿಟ್ಟರೆ ಕೈಯಲ್ಲಿ ನಕ್ಷೆಯೇ ಇರುವುದಿಲ್ಲ. ಆ ಜಾಗದಲ್ಲೇ ಎಲ್ಲೋ ಕಾರ್ನಿಫರ್ ಅನ್ನುವ ನಕ್ಷೆಗಾರ ಕೂತಿರುತ್ತಾನೆ. ಅವನನ್ನು ಹುಡುಕಿ, ಜಿಯೋ ಕೊಟ್ಟು ಕೊಳ್ಳಬೇಕು. ಜಿಯೋ ಅಂದರೆ ಅಲ್ಲಿನ ನಾಣ್ಯ. ಕೊಂಡ ನಕ್ಷೆಯೂ ಅರ್ಧಂಬರ್ಧ. ಉಳಿದದ್ದನ್ನು ತುಂಬಲು ಗರಿ ಲೇಖನಿ ಬೇಕು, ಅದನ್ನು ಅವನ ಹೆಂಡತಿ ಇಸೆಲ್ಡಾ ಮೇಲಿನ ಊರಾದ ಡರ್ಟ್‌ಮೌತ್‌ನಲ್ಲಿ 120 ಜಿಯೋಗೆ ಮಾರುತ್ತಾಳೆ. ಸರಿ, ಕೊಂಡೆ. ಆಮೇಲೂ ನಡೆದ ದಾರಿ ಕೂಡಲೇ ನಕ್ಷೆಗೆ ಬರುವುದಿಲ್ಲ. ಎಲ್ಲಾದರೂ ಬೆಂಚ್ ಸಿಕ್ಕಿ ಅದರ ಮೇಲೆ ಕೂತಾಗ ಮಾತ್ರ ಬರುತ್ತದೆ. ಇಷ್ಟಾದರೂ ನಕ್ಷೆಯಲ್ಲಿ ನಾನು ಎಲ್ಲಿದ್ದೇನೆ ಅಂತ ಗೊತ್ತಾಗದು. ಅದಕ್ಕೆ ದಿಕ್ಸೂಚಿಯ ತಾಯಿತ ಬೇರೆ, 220 ಜಿಯೋ. ತಾಯಿತ ಕಟ್ಟಿಕೊಳ್ಳಲು ಮೊದಲಿಗೆ ಇರುವುದು ಮೂರೇ ಜಾಗ. ಅದರಲ್ಲೊಂದು ಇದಕ್ಕೇ ಹೋಯಿತು. ಹೊಡೆತದ ಬಲ ಹೆಚ್ಚಿಸುವ ತಾಯಿತ ಕಟ್ಟಬೇಕಾದ ಕಡೆ ನಾನು ನನ್ನನ್ನೇ ಹುಡುಕುವ ತಾಯಿತ ಕಟ್ಟಿಕೊಂಡೆ.

ಇದನ್ನೂ ಸಹಿಸಿಕೊಂಡೆ. ಸಹಿಸಲು ಆಗದ್ದು ನಡೆದದ್ದು ಫಂಗಲ್ ವೇಸ್ಟ್ಸ್‌ನಲ್ಲಿ, ಅಣಬೆ ತುಂಬಿದ ಜಾಗ ಅದು. ಆಗ ನಾನು ಲ್ಯಾಂಟರ್ನ್ ಕೊಳ್ಳಲು ಜಿಯೋ ಕೂಡಿಡುತ್ತಿದ್ದೆ. ಡರ್ಟ್‌ಮೌತ್ ಅಂಗಡಿಯಲ್ಲಿ ಅದರ ಬೆಲೆ 1800. ಅದಿಲ್ಲದೆ ಕತ್ತಲ ಜಾಗಗಳಲ್ಲಿ ಕಣ್ಣು ಕಾಣುವುದಿಲ್ಲ. ನನ್ನ ಹತ್ತಿರ 1640 ಆಗಿತ್ತು. ಇನ್ನೊಂದು ಸುತ್ತು ಹಾಕಿದರೆ ಆಯ್ತು ಅಂದುಕೊಂಡು ಕೆಳಗಿನ ಒಂದು ಕೋಣೆಗೆ ಹೋದೆ. ಕಾಲ ಕೆಳಗಿನ ನೆಲ ಕುಸಿಯಿತು.

ಬಿದ್ದದ್ದು ಡೀಪ್‌ನೆಸ್ಟ್‌ಗೆ. ಜೇಡಗಳ ಜಾಗ, ಕತ್ತಲು. ನಕ್ಷೆ ಇಲ್ಲ, ಲ್ಯಾಂಟರ್ನ್ ಇಲ್ಲ. ಗೋಡೆಯ ಆಚೆ ಏನೋ ಕೆರೆಯುವ ಸದ್ದು. ಒಂದು ಹುಳವನ್ನು ಹೊಡೆದು ಬೀಳಿಸಿದೆ. ಅದರ ಹೆಣದೊಳಗಿಂದ ಉದ್ದ ಕಾಲುಗಳು ಹೊರಬಂದವು, ಹೆಣವೇ ಎದ್ದು ನನ್ನ ಕಡೆ ಓಡಿ ಬಂತು. ಗಾಬರಿಯಲ್ಲಿ ಮುಳ್ಳಿನ ಮೇಲೆ ಬಿದ್ದೆ. ಸತ್ತೆ.

ಈ ಆಟದಲ್ಲಿ ಸತ್ತರೆ ಕೈಯಲ್ಲಿದ್ದ ಜಿಯೋ ಸತ್ತ ಜಾಗದಲ್ಲೇ ಉಳಿಯುತ್ತದೆ. ನಮ್ಮದೇ ಕಪ್ಪು ನೆರಳು ಅದನ್ನು ಹಿಡಿದುಕೊಂಡು ಅಲ್ಲೇ ತೇಲುತ್ತಿರುತ್ತದೆ. ವಾಪಸ್ ಹೋಗಿ ನೆರಳನ್ನು ಸೋಲಿಸಿದರೆ ಎಲ್ಲ ಸಿಗುತ್ತದೆ. ಹೋಗುವ ದಾರಿಯಲ್ಲಿ ಇನ್ನೊಂದು ಸಲ ಸತ್ತರೆ ಹಳೆಯದೆಲ್ಲ ಹೋಯಿತು. ಸತ್ತ ಮೇಲೆ ಎದ್ದೇಳುವುದು ಕೊನೆಗೆ ಕೂತ ಬೆಂಚಿನಲ್ಲಿ, ಅಲ್ಲಿಂದ ಹೊರಟೆ. ಅದೇ ತೂತಿನಿಂದ ಇಳಿದೆ. ಯಾವ ಕಡೆ ತಿರುಗಿದ್ದೆ ಅಂತ ನೆನಪಾಗಲಿಲ್ಲ. ಇಪ್ಪತ್ತು ನಿಮಿಷ ಅಲೆದು ಮತ್ತೆ ಸತ್ತೆ. 1640 ಜಿಯೋ, ಆರೇಳು ರಾತ್ರಿಯ ದುಡಿಮೆ. ಲ್ಯಾಪ್‌ಟಾಪ್ ಮುಚ್ಚಿದವನು ಒಂದು ವಾರ ತೆಗೆಯಲೇ ಇಲ್ಲ.

ಓರಿಯಲ್ಲೂ ಕತ್ತಲ ಜಾಗ ಇದೆ, ಮೌಲ್ಡ್‌ವುಡ್ ಡೆಪ್ತ್ಸ್. ಬೆಳಕಿನಿಂದ ಆಚೆ ಹೋದರೆ ಕತ್ತಲೇ ನಿಮ್ಮನ್ನು ಕೊಲ್ಲುತ್ತದೆ. ಅಲ್ಲೂ ಜೇಡ ಇದೆ. ಆದರೆ ಅಲ್ಲಿ ಸತ್ತರೆ ಹೋಗುವುದು ಅರ್ಧ ನಿಮಿಷ. ಹಾಗಾಗಿ ಭಯವೂ ಅರ್ಧ ನಿಮಿಷದ್ದೇ.

ಹಾಗಾದರೆ ಹಾಲೋ ನೈಟ್‌ಗೆ ವಾಪಸ್ ಯಾಕೆ ಹೋದೆ? ಮಳೆ ಕೇಳಲು. ಸಿಟಿ ಆಫ್ ಟಿಯರ್ಸ್ ಅಂತ ನೆಲದಡಿಯ ಒಂದು ನಗರ ಇದೆ. ಅಲ್ಲಿ ಯಾವಾಗಲೂ ಮಳೆ. ಮೊದಲ ಸಲ ಹೋದಾಗ ದೊಡ್ಡ ಗಾಜಿನ ಕಿಟಕಿಯ ಮುಂದೆ ಒಂದು ಬೆಂಚ್ ಸಿಕ್ಕಿತ್ತು. ಕ್ವಿರಲ್ ಅನ್ನುವ ಅಲೆಮಾರಿ ಅದರ ಮೇಲೆ ಕೂತು ಮಳೆ ನೋಡುತ್ತಿದ್ದ. ನಾನೂ ಪಕ್ಕ ಕೂತೆ. ಏನೂ ಮಾಡಲಿಲ್ಲ. ಹೆಡ್‌ಫೋನ್‌ನಲ್ಲಿ ಗಾಜಿಗೆ ನೀರು ಬಡಿಯುವ ಸದ್ದು, ಹೊರಗೆ ನಮ್ಮ ಊರಿನ ಮೇ ತಿಂಗಳ ಸೆಕೆ. ಆ ರಾತ್ರಿ ಆಡಿದ್ದು ಅಷ್ಟೇ.

ನೆಲದಡಿ ಮಳೆ ಎಲ್ಲಿಂದ ಬರುತ್ತದೆ? ಆಟ ಅದನ್ನು ಪೂರ್ತಿ ಬಿಡಿಸಿ ಹೇಳುವುದಿಲ್ಲ. ಎಷ್ಟೋ ವಾರ ಕಳೆದ ಮೇಲೆ ಮೇಲಿನ ಜಾಗಗಳಲ್ಲಿ ಅಲೆಯುವಾಗ ಒಂದು ದೊಡ್ಡ ನೀಲಿ ಕೆರೆ ಸಿಕ್ಕಿತು. ಶಾಂತವಾದ ಜಾಗ, ಶತ್ರುಗಳಿಲ್ಲ. ನಕ್ಷೆ ತೆರೆದು ನೋಡಿದರೆ ಅದರ ಕೆಳಗೇ ನಗರ! ಕೆರೆಯ ನೀರು ಸೋರಿ ಊರಿನ ಮೇಲೆ ಮಳೆಯಾಗುತ್ತಿದೆ. ನಾನು ಬೈದಿದ್ದ ಅದೇ ನಕ್ಷೆ ಇದನ್ನು ತೋರಿಸಿಕೊಟ್ಟಿತು. ಆ ಎರಡೂ ಜಾಗವನ್ನು ನಾನೇ ನಡೆದು, ಬೆಂಚಿನ ಮೇಲೆ ಕೂತು ಬರೆಸಿದ್ದೆ. ಅದಕ್ಕೇ ಆ ಖುಷಿ.

ವಿಜಯಪುರದವರಿಗೆ ಇದು ಇನ್ನೂ ಬೇಗ ಮನಸ್ಸಿಗೆ ನಾಟುತ್ತದೆ ಅನ್ನಿಸುತ್ತದೆ. ಆದಿಲ್ ಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೀರು ಬಂದದ್ದು ನೆಲದಡಿಯ ಸುರಂಗದಲ್ಲಿ, ಸುರಂಗ ಬಾವಿ ಅಂತ ಈಗಲೂ ಕರೆಯುತ್ತೇವೆ. ಬೇಗಂ ತಾಲಾಬಿನ ನೀರು ಮಣ್ಣಿನ ಕೊಳವೆಯಲ್ಲಿ ಬರುತ್ತಿತ್ತು, ದಾರಿಯಲ್ಲಿ ಒತ್ತಡ ತಗ್ಗಿಸಲು ಗಂಜ್ ಅನ್ನುವ ಗೋಪುರಗಳಿದ್ದವು. ಸಣ್ಣವನಿದ್ದಾಗ ಅಂಥ ಒಂದು ಗೋಪುರದ ಪಕ್ಕದಿಂದ ದಿನಾ ಶಾಲೆಗೆ ಹೋಗುತ್ತಿದ್ದೆ. ಅದು ಏನು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಹಾಳುಬಿದ್ದ ರಾಜ್ಯದಲ್ಲಿ ಓಡಾಡುತ್ತಾ ಒಂದೊಂದೇ ತುಂಡು ಕೂಡಿಸಿಕೊಳ್ಳುವುದು ನಮಗೆ ಹೊಸದಲ್ಲ. ಹಾಲೋ ನೈಟ್‌ನ ಹ್ಯಾಲೋನೆಸ್ಟ್ ರಾಜ್ಯವೂ ಹಾಗೇ. ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಓರಿ ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ.

ಕಾರ್ನಿಫರ್ ಬಗ್ಗೆಯೂ ಒಂದು ಮಾತು. ಅವನನ್ನು ಕಣ್ಣಿನಿಂದ ಹುಡುಕುವುದು ತಪ್ಪು ಅಂತ ನನಗೆ ತಡವಾಗಿ ತಿಳಿಯಿತು. ಅವನು ಕೂತಲ್ಲಿ ಗುನುಗುತ್ತಿರುತ್ತಾನೆ. ದಾರಿಯಲ್ಲಿ ಕಾಗದದ ಚೂರುಗಳು ಬಿದ್ದಿರುತ್ತವೆ. ಹೆಡ್‌ಫೋನ್ ಹಾಕಿಕೊಂಡರೆ ಗುನುಗು ಮೊದಲು ಕೇಳುತ್ತದೆ, ಆಮೇಲೆ ಚೂರು ಕಾಣುತ್ತದೆ, ಆಮೇಲೆ ಅವನು. ಸ್ಪೀಕರ್‌ನಲ್ಲಿ ಫ್ಯಾನ್ ಸದ್ದಿನ ನಡುವೆ ಆಡುತ್ತಿದ್ದ ನನಗೆ ಮೊದಲ ತಿಂಗಳು ಇದು ಕೇಳಿಸಿರಲೇ ಇಲ್ಲ. ಹೆಡ್‌ಫೋನ್ ಹಾಕಿಯೇ ಆಡಿ. ಅರ್ಧ ಗೋಳು ಅಲ್ಲಿಗೇ ಮುಗಿಯುತ್ತದೆ.

ಕರೆಂಟ್ ವಿಷಯದಲ್ಲಿ ಮಾತ್ರ ಓರಿ ಗೆದ್ದಿತು. ಬೇಸಿಗೆಯಲ್ಲಿ ಹತ್ತೂವರೆಗೆ ಕರೆಂಟ್ ಹೋದರೆ ನನ್ನ ಲ್ಯಾಪ್‌ಟಾಪ್ ಆ ಕ್ಷಣವೇ ಆರುತ್ತದೆ. ಓರಿ ತಾನೇ ಆಗಾಗ ಸೇವ್ ಮಾಡಿಕೊಳ್ಳುತ್ತದೆ, ಹೋಗುವುದು ಒಂದೆರಡು ನಿಮಿಷದ ಆಟ. ಹಾಲೋ ನೈಟ್‌ನಲ್ಲಿ ಮತ್ತೆ ಕೊನೆಯ ಬೆಂಚಿನಿಂದಲೇ ಶುರು. ಬೆಂಚ್ ಕಂಡ ಕೂಡಲೇ ಕೂರುವ ಅಭ್ಯಾಸ ನನಗೆ ಹೀಗೇ ಆಯ್ತು.

ಮೂರನೆಯದು 'ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್', 2024ರ ಜನವರಿಯಲ್ಲಿ ಬಂದದ್ದು. ನಾನು ಕೊಂಡಿಲ್ಲ. ಬೆಳಗಾವಿಯಲ್ಲಿ ಗೆಳೆಯನ ರೂಮಿನಲ್ಲಿ ಎರಡು ಶನಿವಾರ, ಭಾನುವಾರ ಕೂತು ಆಡಿದೆ. 1989ರ ಹಳೆಯ ಪ್ರಿನ್ಸ್ ಆಡಿ ಬೆಳೆದವರಿಗೆ ಆ ಹೆಸರಿನ ಮೇಲೆ ಒಂದು ಪ್ರೀತಿ ಇದ್ದೇ ಇರುತ್ತದೆ. ಕಾದಾಟ ಮೂರರಲ್ಲಿ ಇದರದ್ದೇ ಚೆಂದ. ನಕ್ಷೆಯ ಗೋಳಿಗೆ ಇದರಲ್ಲಿ ಒಂದು ಜಾಣತನದ ಉತ್ತರ ಇದೆ. ಎಟುಕದ ಬಾಗಿಲು ಕಂಡರೆ ಅಲ್ಲೇ ಒಂದು ಫೋಟೋ ತೆಗೆದು ನಕ್ಷೆಗೆ ಅಂಟಿಸಬಹುದು. ಆಮೇಲೆ ನಕ್ಷೆ ತೆರೆದರೆ ಫೋಟೋ ಕಾಣುತ್ತದೆ, ಯಾಕೆ ನಿಂತಿದ್ದೆ ಅಂತ ನೆನಪಾಗುತ್ತದೆ. ಇದು ಹಾಲೋ ನೈಟ್‌ನಲ್ಲಿ ಇದ್ದಿದ್ದರೆ ನನ್ನ ಮೂವರು ಗೆಳೆಯರಲ್ಲಿ ಇಬ್ಬರಾದರೂ ಆಟ ಮುಗಿಸುತ್ತಿದ್ದರು. ನಾನು ಮಾತ್ರ ಅಂಗಡಿಯ ಹಳೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. 'ಗ್ರೀನ್‌ಪಾತ್, ಎಡ ತುದಿ, ಮೇಲೆ ಕಟ್ಟೆ.' ಹೀಗೆ ಹನ್ನೊಂದು ಪುಟ.

ಬೆಲೆ: ಬಿಡುಗಡೆಯಲ್ಲಿ ಹಾಲೋ ನೈಟ್ 15 ಡಾಲರ್, ಓರಿ 30, ಲಾಸ್ಟ್ ಕ್ರೌನ್ 50. ಸೇಲ್‌ನಲ್ಲಿ ಮೂರೂ ಇಳಿಯುತ್ತವೆ, ಕಾಯಿರಿ.

ಕನ್ನಡ ಅಕ್ಷರ ಮೂರರಲ್ಲೂ ಇಲ್ಲ. ಹಾಲೋ ನೈಟ್‌ನ ಮಾತುಗಳು ಚಿಕ್ಕವು, ಕಷ್ಟ ಆಗುವುದಿಲ್ಲ.

ಸಂಗೀತ: ಓರಿಯದ್ದು ದೊಡ್ಡ ವಾದ್ಯಮೇಳ. ಹಾಲೋ ನೈಟ್‌ನದ್ದು ಒಂಟಿ ಪಿಯಾನೋದಂಥದ್ದು. ರಾತ್ರಿಗೆ ನನಗೆ ಎರಡನೆಯದು.

ಕೊಟ್ಟ ದುಡ್ಡಿಗೆ ಸಿಗುವುದೆಷ್ಟು ಅಂತ ನೋಡಿದರೆ ಹಾಲೋ ನೈಟ್ ಮುಂದೆ ಯಾವುದೂ ನಿಲ್ಲುವುದಿಲ್ಲ. ಓರಿ ನನಗೆ ಹದಿನಾಲ್ಕು ಗಂಟೆಯಲ್ಲಿ ಮುಗಿಯಿತು. ಹಾಲೋ ನೈಟ್ ಐವತ್ತೆಂಟು ಗಂಟೆ ದಾಟಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಜನ ಮಾಡಿದ ಆಟ ಅದು. ಜನರಿಂದಲೇ 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಕೂಡಿಸಿ ಶುರು ಮಾಡಿ, 2017ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದರು. ಆಮೇಲೆ ನಾಲ್ಕು ಸಲ ಹೊಸ ಭಾಗ ಸೇರಿಸಿದರು, ಒಂದಕ್ಕೂ ದುಡ್ಡು ಕೇಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ, ಇದರ ಮುಂದಿನ ಆಟ ಸಿಲ್ಕ್‌ಸಾಂಗ್ ಕೂಡ ಅವರದ್ದೇ. ಅದನ್ನು ಮುಂದಿನ ದೀಪಾವಳಿಗೆ ಇಟ್ಟಿದ್ದೇನೆ.

ಮನೆಯಲ್ಲಿ ಮಕ್ಕಳಿದ್ದರೆ, ವಾರದಲ್ಲಿ ಒಂದೇ ದಿನ ಆಡುವವರಾದರೆ, ಯಂತ್ರ ಚೆನ್ನಾಗಿದ್ದರೆ, ಓರಿ ತಗೊಳ್ಳಿ. ವಾರಕ್ಕೊಮ್ಮೆ ಆಡಿದರೆ ಹಾಲೋ ನೈಟ್‌ನಲ್ಲಿ ದಾರಿ ಮರೆತೇ ಹೋಗುತ್ತದೆ. ದಿನಾ ಒಂದು ಗಂಟೆ ಕೂರುವವರಿಗೆ, ಯಂತ್ರ ಹಳೆಯದಾದರೂ ನಡೆಯಬೇಕು ಅನ್ನುವವರಿಗೆ ಹಾಲೋ ನೈಟ್.

ಅಕ್ಕನ ಮಗಳು ರಜೆಗೆ ಬಂದಾಗ ಓರಿಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದೆ. ಆದರೆ ಅವಳ ಕಣ್ಣು ಬಿದ್ದದ್ದು ಹಾಲೋ ನೈಟ್‌ನ ಮರಿಹುಳಗಳ ಮೇಲೆ. ಒಟ್ಟು 46 ಮರಿಗಳು ಗಾಜಿನ ಜಾಡಿಗಳಲ್ಲಿ ಸಿಕ್ಕಿಬಿದ್ದಿರುತ್ತವೆ. ಗೋಡೆಯಾಚೆಯಿಂದ ಅಳು ಕೇಳುತ್ತದೆ. ಜಾಡಿ ಒಡೆದರೆ ಮರಿ ನಗುತ್ತಾ ಮಣ್ಣು ಕೊರೆದುಕೊಂಡು ಮನೆಗೆ ಓಡುತ್ತದೆ. ನಾನು ಮೂವತ್ತೆಂಟಕ್ಕೆ ನಿಲ್ಲಿಸಿದ್ದೆ, ಅವಳು ಉಳಿದ ಎಂಟಕ್ಕೂ ಕಿವಿ ಕೊಟ್ಟು ಹುಡುಕಿಸಿದಳು. ಈಗ ಅವಳದ್ದೇ ಒಂದು ಹೊಸ ಆಟ ಶುರುವಾಗಿದೆ. ನಿನ್ನೆ ಫೋನ್ ಮಾಡಿ 'ಮಾಮಾ, ಅಣಬೆ ಊರಿಗೆ ಬಂದೆ, 900 ಜಿಯೋ ಇದೆ' ಅಂದಳು. ಕೈಯಲ್ಲಿ ಜಾಸ್ತಿ ಇಟ್ಟುಕೊಳ್ಳಬೇಡ, ಏನಾದರೂ ತಗೊಂಡುಬಿಡು ಅಂದೆ. ಆ ನೆಲದ ಬಗ್ಗೆ ಹೇಳಿಲ್ಲ.