48 ಮೊಟ್ಟೆಯ ಇನ್‌ಕ್ಯುಬೇಟರ್ ಮತ್ತು ಕಾವು ಕೂರುವ ಹೇಟೆ: ನಾಪೋಕ್ಲು ಕಡೆಯಿಂದ ಒಂದು ರಿವ್ಯೂ

ನಾಟಿ ಕೋಳಿ ಸಾಕುವ ಪರಿಚಯದವರೆಲ್ಲ ಕೇಳುವ ಪ್ರಶ್ನೆ ಒಂದೇ. ಮರಿ ಮಾಡಿಸಲು ಮೆಷಿನ್ ತಗೊಳ್ಳಬೇಕಾ, ಇಲ್ಲ ಕೋಳಿಯನ್ನೇ ಕಾವಿಗೆ ಕೂರಿಸಿದರೆ ಸಾಕಾ? ನಮ್ಮಲ್ಲಿ ಈಗ ಎರಡೂ ನಡೆಯುತ್ತಿದೆ. ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ಮಧ್ಯದ ಮನೆ, ಮಳೆ ಜಾಸ್ತಿ. ಮೆಷಿನ್ ಒಳ್ಳೆಯದೇ. ಆದರೆ ಅದು ಬಂತು ಅಂತ ಕಾವು ಕೂರುವ ಹೇಟೆಗಳನ್ನು ಮಾತ್ರ ಮಾರಬೇಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು 48 ಮೊಟ್ಟೆ ಹಿಡಿಯುವ ಪ್ಲಾಸ್ಟಿಕ್ ಪೆಟ್ಟಿಗೆ, ಫುಲ್ ಆಟೋಮ್ಯಾಟಿಕ್. ಆನ್‌ಲೈನ್‌ನಲ್ಲಿ ಸಿಗುವ ಇಂಥ ಮೆಷಿನ್‌ಗಳು ಹೆಸರು ಬೇರೆ ಬೇರೆಯಾದರೂ ಒಳಗೆ ಹೆಚ್ಚುಕಡಿಮೆ ಒಂದೇ. ಮುಚ್ಚಳದಲ್ಲಿ ಹೀಟರ್, ಫ್ಯಾನ್. ಅದರ ಕೆಳಗೆ ಮೊಟ್ಟೆಯನ್ನು ತಾನಾಗಿ ಹೊರಳಿಸುವ ಟ್ರೇ. ತಳದಲ್ಲಿ ನೀರು ಹಾಕುವ ಜಾಗ. ಹೊರಳಿಸುವ ಮೋಟಾರ್ ಇರುವುದನ್ನೇ ತಗೊಳ್ಳಿ. ಕಾವು ಕೂತ ಕೋಳಿ ದಿನಕ್ಕೆ ಎಷ್ಟೋ ಸಲ ಮೊಟ್ಟೆಯನ್ನು ತಿರುಗಿಸುತ್ತಾ ಇರುತ್ತದೆ, ಇಲ್ಲದಿದ್ದರೆ ಒಳಗೆ ಬೆಳೆಯುವ ಮರಿ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ತಿರುಗಿಸುವ ಅಗ್ಗದ ಮೆಷಿನ್ ತಂದರೆ ಆ ಕೆಲಸ ನಿಮ್ಮ ತಲೆಗೆ ಬರುತ್ತದೆ, ಕಾಫಿ ಕೊಯ್ಲಿನ ಸಮಯದಲ್ಲಿ ಅದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಡಿಸ್‌ಪ್ಲೇಯಲ್ಲಿ ಕಾಣುವ ಅಂಕಿಯನ್ನು ಹಾಗೇ ನಂಬಬೇಡಿ. ಫ್ಯಾನ್ ಇರುವ ಮೆಷಿನ್‌ಗೆ ಬೇಕಾದದ್ದು ಸುಮಾರು 37.5 ಡಿಗ್ರಿ. ನಮ್ಮದು ಅಷ್ಟು ತೋರಿಸುವಾಗ ಒಳಗೆ ಅರ್ಧ ಡಿಗ್ರಿ ಕಡಿಮೆಯೇ ಇರುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಇಟ್ಟರೆ ಇದು ಗೊತ್ತಾಗುತ್ತದೆ. ಅರ್ಧ ಡಿಗ್ರಿ ಏನು ಮಹಾ ಅನ್ನಿಸಬಹುದು, ಆದರೆ 21 ದಿನವೂ ಹಾಗೇ ನಡೆದರೆ ಮರಿ ತಡವಾಗಿ, ಸೋತು ಸುಣ್ಣವಾಗಿ ಹೊರಬರುತ್ತದೆ. ಬಿಸಿ ಜಾಸ್ತಿಯಾದರೆ ಇನ್ನೂ ಅಪಾಯ. ತಂಪನ್ನು ಸ್ವಲ್ಪ ಹೊತ್ತು ತಡೆಯುವ ಮೊಟ್ಟೆ 40 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ, ಹಾಗಾಗಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಪೆಟ್ಟಿಗೆ ಇಡಬೇಡಿ. ತೇವಾಂಶದ ಮೀಟರನ್ನೂ ಪರೀಕ್ಷಿಸಬಹುದು, ಅದು ಸುಲಭ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಬೆರೆಸಿ, ಬೇರೆ ಚಿಕ್ಕ ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ಗಂಟೆ ಇಡಿ, ಅದು 75% ತೋರಿಸಬೇಕು. ಆಮೇಲೆ ಆ ಚಿಕ್ಕ ಮೀಟರನ್ನೇ ಪೆಟ್ಟಿಗೆಯೊಳಗಿಟ್ಟು, ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟನ್ನು ಕೂಡಿಸಿ ಅಥವಾ ಕಳೆದು ಓದಿದರಾಯಿತು.

ತೇವಾಂಶದ ವಿಷಯದಲ್ಲಂತೂ ಕೊಡಗಿನವರು ಮೆಷಿನ್ ಜೊತೆ ಬರುವ ಪುಸ್ತಕವನ್ನು ಪಕ್ಕಕ್ಕೆ ಇಟ್ಟು ಯೋಚಿಸಬೇಕು. ಮೊದಲ ದಿನದಿಂದಲೇ ನೀರು ತುಂಬಿಸಿ ಅಂತ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಬೀರುವಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಮೊಟ್ಟೆ ಮರಿಯಾಗುವಷ್ಟರಲ್ಲಿ ತನ್ನ ತೂಕದ ಸುಮಾರು 12ರಿಂದ 13% ನೀರನ್ನು ಚಿಪ್ಪಿನ ತೂತುಗಳ ಮೂಲಕ ಕಳೆದುಕೊಳ್ಳಬೇಕು. ಆಗ ದಪ್ಪ ತುದಿಯಲ್ಲಿರುವ ಗಾಳಿಯ ಜಾಗ ದೊಡ್ಡದಾಗುತ್ತದೆ, ಮರಿ ಮೊದಲ ಉಸಿರು ಎಳೆಯುವುದು ಅಲ್ಲೇ. ನೀರು ಸರಿಯಾಗಿ ಹೋಗದಿದ್ದರೆ ಮರಿ ಊದಿಕೊಂಡು, ಚಿಪ್ಪು ಒಡೆಯಲು ಆಗದೆ ಒಳಗೇ ಸಾಯುತ್ತದೆ. ಪೂರ್ತಿ ಬೆಳೆದ ಮರಿ ಹಾಗೆ ಸತ್ತಿರುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮೊದಲ 18 ದಿನ ನಾವು ನೀರೇ ಹಾಕುವುದಿಲ್ಲ ಅಥವಾ ತೀರಾ ಕಡಿಮೆ ಹಾಕುತ್ತೇವೆ. ಹೊರಗಿನ ತಣ್ಣನೆಯ ಒದ್ದೆ ಗಾಳಿ ಒಳಗೆ ಹೋಗಿ ಬಿಸಿಯಾದಾಗ ತೇವಾಂಶ ತಾನಾಗಿಯೇ 40ರ ಆಸುಪಾಸಿಗೆ ಬರುತ್ತದೆ, ಅಷ್ಟು ಸಾಕು. ಜನವರಿಯಿಂದ ಮಾರ್ಚ್‌ವರೆಗೆ ಕಥೆಯೇ ಬೇರೆ. ಆಗ ಗಾಳಿ ಒಣಗಿರುತ್ತದೆ, ದಿನಾ ನೀರು ನೋಡಲೇಬೇಕು. 18ನೇ ದಿನ ಕಳೆದ ಮೇಲೆ ಯಾವ ಕಾಲವಾದರೂ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು 65ರಿಂದ 70ಕ್ಕೆ ಏರಿಸಿ, ಮುಚ್ಚಳ ಮುಚ್ಚಿಬಿಡಿ. ಒಂದು ಮರಿ ಬಂತು ಅಂತ ಖುಷಿಯಲ್ಲಿ ತೆರೆದರೆ ಒಳಗಿನ ತೇವ ಎಲ್ಲ ಹೊರಗೆ ಹೋಗಿ, ಉಳಿದವುಗಳ ಪೊರೆ ಒಣಗಿ ಮೈಗೆ ಬಿಗಿದುಕೊಳ್ಳುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗೆ ಎಳೆದುಕೊಂಡ ಹಳದಿಯೇ ಆಹಾರ, ಒಂದು ದಿನ ಒಳಗೇ ಇದ್ದರೂ ಏನೂ ಆಗುವುದಿಲ್ಲ.

ಇನ್ನು ಕರೆಂಟ್. ಇದನ್ನು ಬರೆಯದೆ ಕೊಡಗಿನಲ್ಲಿ ಯಾವ ಮೆಷಿನ್ ರಿವ್ಯೂ ಕೂಡ ಪೂರ್ತಿ ಆಗುವುದಿಲ್ಲ. ಮನೆಯ ಇನ್ವರ್ಟರ್ ಒಂದು ರಾತ್ರಿ ಎಳೆಯುತ್ತದೆ. ಮರ ಬಿದ್ದು, ಕಂಬ ಮುರಿದು, ಎರಡು ಮೂರು ದಿನ ಕತ್ತಲೆಯಾದರೆ ಎಳೆಯುವುದಿಲ್ಲ. 2018ರ ಆಗಸ್ಟ್ ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಒಂದೆರಡು ಗಂಟೆ ಹೋದರೆ ಕಂಬಳಿ ಹೊದಿಸಿಟ್ಟರೆ ನಡೆಯುತ್ತದೆ, ಕೋಳಿ ಕೂಡ ದಿನಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ ಎದ್ದು ಮೇಯಲು ಹೋಗುತ್ತದಲ್ವಾ. ಆದರೆ ಕಂಬಳಿ ಹೊದಿಸುವಾಗ ಗಾಳಿಯ ತೂತು ಮುಚ್ಚಬೇಡಿ. ಜೂನ್, ಜುಲೈ, ಆಗಸ್ಟ್‌ನಲ್ಲಿ ಮೆಷಿನ್ ಒಂದನ್ನೇ ನಂಬಿ ಮೊಟ್ಟೆ ಇಡಬೇಡಿ ಎನ್ನುವುದೇ ನನ್ನ ಅಭಿಪ್ರಾಯ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಹೇಟೆಯದ್ದೇ ಕೆಲಸ. ಅಡುಗೆಮನೆ ಹಿಂದಿನ ಕೋಣೆಯಲ್ಲಿ ಬಿದಿರ ಬುಟ್ಟಿ, ಅದರಲ್ಲಿ ಒಣ ಹುಲ್ಲು, ಹೇನು ಬಾರದಂತೆ ಸ್ವಲ್ಪ ಬೂದಿ. ಅದಕ್ಕೆ ಕರೆಂಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೆಷಿನ್ ಮನೆಗೆ ಬಂದ ದಿನ ನಮ್ಮ ಅತ್ತೆ ಕೇಳಿದ್ದು, "ಇದು ಮರಿ ಮಾಡ್ತದೆ ಸರಿ, ಆಮೇಲೆ ಯಾರು ಸಾಕೋದು?" ಅತ್ತೆಯ ಆ ಮಾತು ನೂರಕ್ಕೆ ನೂರು ನಿಜ. ಮೆಷಿನ್‌ನಲ್ಲಿ ಹುಟ್ಟಿದ ಮರಿಗೆ ಮೊದಲ ವಾರ 33ರಿಂದ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಅಂದರೆ ಮೂರು ವಾರ ಮೆಷಿನ್‌ಗೆ ಕರೆಂಟ್, ಮತ್ತೆ ನಾಲ್ಕೈದು ವಾರ ಬಲ್ಬಿಗೆ ಕರೆಂಟ್. ಬಲ್ಬಿನ ಕೆಳಗೆ ಬೆಳೆದ ಮರಿ ತೋಟಕ್ಕೆ ಬಿಟ್ಟಾಗ ಏನೂ ತಿಳಿಯದೆ ನಿಂತುಬಿಡುತ್ತದೆ. ಗಿಡುಗದ ನೆರಳು ಬಿದ್ದರೆ ಓಡಿ ಅಡಗಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ತಾಯಿ ಇದ್ದರೆ ಒಂದು ಕೂಗು ಸಾಕು, ಎಲ್ಲವೂ ಕಾಫಿ ಗಿಡದ ಬುಡಕ್ಕೆ ಸೇರಿಕೊಳ್ಳುತ್ತವೆ. ತರಗೆಲೆ ಕೆದಕಿ ಗೆದ್ದಲು ತೋರಿಸುವುದೂ ಅವಳೇ. ಮುಂಗುಸಿಗೆ ಎದುರು ನಿಂತು ರೆಕ್ಕೆ ಬಿಚ್ಚುವ ಹೇಟೆಯನ್ನು ನೋಡಿದವರಿಗೆ ಅವಳ ಮೇಲೆ ಗೌರವ ಬಂದೇ ಬರುತ್ತದೆ.

ಹಾಗಂತ ಹೇಟೆಯಲ್ಲಿ ತೊಂದರೆ ಇಲ್ಲ ಅಂತಲ್ಲ. ಒಂದು ನಾಟಿ ಹೇಟೆ ಹತ್ತು ಹನ್ನೆರಡು ಮೊಟ್ಟೆ ಮಾತ್ರ ಮುಚ್ಚಬಲ್ಲದು. ನಿಮಗೆ ಬೇಕಾದಾಗ ಅದು ಕೂರುವುದೂ ಇಲ್ಲ. ಕೆಲವು ಅರ್ಧಕ್ಕೇ ಎದ್ದು ಹೋಗುತ್ತವೆ, ಕೆಲವು ತೋಟದೊಳಗೆ ಎಲ್ಲೋ ಕದ್ದು ಕೂತು ಕಾಡುಬೆಕ್ಕಿನ ಪಾಲಾಗುತ್ತವೆ. ಹಾವು ಮೊಟ್ಟೆ ನುಂಗುತ್ತದೆ. ಬೇರೆ ಕೋಳಿಗಳು ಅದೇ ಬುಟ್ಟಿಗೆ ಹೊಸ ಮೊಟ್ಟೆ ಇಟ್ಟು ಹೋಗುತ್ತವೆ, ಅದಕ್ಕೇ ಕೂರಿಸುವಾಗ ಪೆನ್ಸಿಲ್‌ನಲ್ಲಿ ಗುರುತು ಹಾಕುವುದು. ಎಲ್ಲಕ್ಕಿಂತ ದೊಡ್ಡ ಲೆಕ್ಕ ಅಂದರೆ, ಕಾವು ಕೂತು, ಮರಿ ಸಾಕಿ, ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ಆ ಹೇಟೆಯ ಸುಮಾರು ಮೂರು ತಿಂಗಳು ಹೋಗಿರುತ್ತದೆ. ಮೆಷಿನ್‌ಗೆ ಮೊಟ್ಟೆ ಹಾಕಿ, ಹೇಟೆಯ ಕಾವು ಬಿಡಿಸಿದರೆ ಒಂದೆರಡು ವಾರದಲ್ಲಿ, ಹೆಚ್ಚೆಂದರೆ ಮೂರು ವಾರದಲ್ಲಿ ಮತ್ತೆ ಇಡಲು ಶುರು ಮಾಡುತ್ತದೆ. ಕಕ್ಕಡಕ್ಕೆ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಿಗೆ, ನಾಟಿ ಕೋಳಿಗೆ ಒಳ್ಳೆ ಬೇಡಿಕೆ ಇರುತ್ತದೆ. ಐದಾರು ತಿಂಗಳ ಹುಂಜ ಜುಲೈ ಕೊನೆಗೆ ತಯಾರಿರಬೇಕು ಅಂದರೆ ಜನವರಿ, ಫೆಬ್ರವರಿಯಲ್ಲಿ ಒಂದೇ ವಯಸ್ಸಿನ ಮರಿಗಳು ಒಟ್ಟಿಗೆ ಬೇಕು. ಅದು ಮೆಷಿನ್‌ನಿಂದ ಮಾತ್ರ ಸಾಧ್ಯ.

ನಮ್ಮಲ್ಲಿ ಈಗ ಚೆನ್ನಾಗಿ ನಡೆಯುತ್ತಿರುವುದು ಎರಡನ್ನೂ ಸೇರಿಸಿದ ದಾರಿ. ಮೆಷಿನ್‌ಗೆ ಮೊಟ್ಟೆ ಹಾಕಿದ ದಿನವೇ ಕಾವಿಗೆ ಬಂದಿರುವ ಹೇಟೆಗಳನ್ನೂ ನಾಲ್ಕೈದು ಮೊಟ್ಟೆಯ ಮೇಲೆ ಕೂರಿಸುತ್ತೇವೆ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಎಲ್ಲವನ್ನೂ ನೋಡುತ್ತೇವೆ, ಜೇಡರ ಬಲೆಯಂತೆ ಕೆಂಪು ನರ ಕಂಡರೆ ಮರಿ ಇದೆ, ಬರೀ ಹಳದಿ ತಿಳಿಯಾಗಿ ಕಂಡರೆ ಗೊಡ್ಡು. ಮೆಷಿನ್‌ನಲ್ಲಿ ಒಡೆದ ಮರಿಗಳು ಒಣಗಿದ ಮೇಲೆ, ಕತ್ತಲಾದ ಮೇಲೆ, ಒಂದೊಂದಾಗಿ ಹೇಟೆಯ ರೆಕ್ಕೆಯಡಿ ತಳ್ಳುವುದು. ಬೆಳಗಾದಾಗ ಎಲ್ಲವೂ ಅವಳದ್ದೇ. ಮರಿಗಳು ಹುಟ್ಟಿ ಒಂದೆರಡು ದಿನದೊಳಗೆ ಇರಬೇಕು, ಹೇಟೆ ಕೂತು ಎರಡು ವಾರವಾದರೂ ಆಗಿರಬೇಕು, ಇಲ್ಲದಿದ್ದರೆ ಕುಕ್ಕುತ್ತದೆ. ಒಣ ಹವೆಯಲ್ಲಿ ಒಂದು ದೊಡ್ಡ ಹೇಟೆ ಹದಿನೈದು ಮರಿ ಸಾಕುತ್ತದೆ. ಬಲ್ಬಿನ ಖರ್ಚೇ ಇಲ್ಲ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಲಸಿಕೆಯ ಹನಿ ಕಣ್ಣಿಗೆ ಹಾಕಿಸುವುದನ್ನು ಮಾತ್ರ ಮರೆಯಬೇಡಿ, ತಾಯಿ ಜೊತೆ ಇದೆ ಅಂತ ಆ ರೋಗ ಬಿಡುವುದಿಲ್ಲ.

ಗಿರಿರಾಜ ಕೋಳಿ ಸಾಕುವವರು ಹೇಟೆ ಕೂರಲಿ ಅಂತ ಕಾಯಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಆ ತಳಿಗೆ ಕಾವಿನ ಗುಣ ಕಡಿಮೆ. ಎರಡು ಮೂರು ನಾಟಿ ಹೇಟೆ ಇಟ್ಟುಕೊಂಡು ವರ್ಷಕ್ಕೆ ಮನೆಗಾಗುವಷ್ಟು ಮರಿ ಸಾಕು ಅನ್ನುವವರಿಗೆ ಮೆಷಿನ್ ಸುಮ್ನೆ ಖರ್ಚು. ಹತ್ತಕ್ಕಿಂತ ಜಾಸ್ತಿ ಹೇಟೆ ಇದ್ದು ಮರಿ ಮಾರುವವರು ಧೈರ್ಯವಾಗಿ ತಗೊಳ್ಳಿ. 12 ವೋಲ್ಟ್ ಬ್ಯಾಟರಿಗೆ ನೇರ ಕೊಡುವ ಪಿನ್ ಇದೆಯಾ ನೋಡಿ. ಹೊರಳಿಸುವ ಮೋಟಾರ್ ಮತ್ತು ಸೆನ್ಸರ್ ಬಿಡಿಯಾಗಿ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ, ನಮಗೆ ಮಾರಿದವರು ಗ್ಯಾರಂಟಿ ಮುಗಿದ ಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಮಡಿಕೇರಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವವರೊಬ್ಬರು ಬೇರೆ ಮೋಟಾರ್ ಹಾಕಿಕೊಟ್ಟರು, ಅದು ಈಗಲೂ ಚೆನ್ನಾಗಿ ಓಡುತ್ತಿದೆ.