ಹೊಸಮನೆ ತಪಾಸಣೆ: ಬೆಂಗಳೂರಿನ ಕಂಪನಿಯೋ, ಊರಿನ ಎಂಜಿನಿಯರೋ, ನಾವೇ ನೋಡಿಕೊಳ್ಳುವುದೋ?

ಹಾಸನ, ಚಿಕ್ಕಮಗಳೂರು ಕಡೆ ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಕೈಲಿ ಕಟ್ಟಿಸಿದ ಮನೆಗೆ ನನ್ನ ಓಟು ಊರಿನ ಸಿವಿಲ್ ಎಂಜಿನಿಯರಿಗೆ. ಒಂದೇ ಷರತ್ತು, ಆ ಕಂಟ್ರಾಕ್ಟರ್ ಜೊತೆ ಅವರಿಗೆ ಯಾವ ವ್ಯವಹಾರವೂ ಇರಬಾರದು. ಜೊತೆಗೆ ಮೆಗ್ಗರ್ (ವೈರಿಂಗಿನ ಇನ್ಸುಲೇಷನ್ ಅಳೆಯುವ ಉಪಕರಣ) ಇಟ್ಟುಕೊಂಡಿರುವ, ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್ ಬೇಕು. ಬೆಂಗಳೂರಿನಿಂದ ಬರುವ ತಪಾಸಣೆ ಕಂಪನಿಯವರ ಹತ್ತಿರ ಉಪಕರಣ ಜಾಸ್ತಿ, ರಿಪೋರ್ಟು ದಪ್ಪ, ಫೋಟೋಗಳು ಚೆನ್ನ. ಆದರೆ ನಮ್ಮ ಮಳೆಗೆ ಯಾವ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವೋ ಅದಕ್ಕೆ ಅವರ ಹತ್ತಿರ ಟೈಮಿಲ್ಲ.

ನಮ್ಮಲ್ಲಿ ಹೆಚ್ಚಿನ ಗೃಹಪ್ರವೇಶಗಳು ಮಾಘದಿಂದ ವೈಶಾಖದೊಳಗೆ ನಡೆದುಹೋಗುತ್ತವೆ. ಆಷಾಢಕ್ಕೆ ಯಾರೂ ಇಟ್ಟುಕೊಳ್ಳುವುದಿಲ್ಲ. ಅಂದರೆ ಮನೆ ಕೈಗೆ ಬರುವುದು ಗೋಡೆ, ಮೋಲ್ಡು (ತಾರಸಿಯ ಕಾಂಕ್ರೀಟ್ ಸ್ಲ್ಯಾಬು) ಎಲ್ಲ ಒಣಗಿ ಗರಿಗರಿಯಾಗಿರುವಾಗ. ಮಳೆ ಹಿಡಿಯುವುದು ಜೂನ್‌ನಲ್ಲಿ, ಅಷ್ಟು ಹೊತ್ತಿಗೆ ಕೊನೆಯ ಕಂತೂ ಕೊಟ್ಟಾಗಿರುತ್ತದೆ. ಮಾರ್ಚ್ ತಿಂಗಳಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಮನೆಯೆಲ್ಲ ಸುತ್ತಿದರೆ ಏನು ಕಾಣುತ್ತದೆ? ಆ ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಗೋಡೆಯ ಮೇಲ್ಮೈ ಎಷ್ಟು ಬಿಸಿ, ಎಷ್ಟು ತಂಪು ಅಂತ ನೋಡುತ್ತದೆ. ತೇವ ಇರುವ ಜಾಗ ಆವಿಯಾಗುತ್ತಾ ಸುತ್ತಲಿಗಿಂತ ತಂಪಾಗಿರುತ್ತದೆ, ಅದಕ್ಕೇ ಬೇರೆ ಬಣ್ಣದಲ್ಲಿ ತೋರುತ್ತದೆ. ತೇವವೇ ಇಲ್ಲದ ಕಾಲದಲ್ಲಿ ಸೋರುವ ಮೋಲ್ಡೂ ಸೋರದ ಮೋಲ್ಡೂ ಅದಕ್ಕೆ ಒಂದೇ. ರಿಪೋರ್ಟಿನಲ್ಲಿ ‘ತೇವಾಂಶ ಕಂಡುಬಂದಿಲ್ಲ’ ಅಂತ ಬರುತ್ತದೆ. ಅದು ಸುಳ್ಳಲ್ಲ, ಆದರೆ ಉಪಯೋಗಕ್ಕೂ ಬರುವುದಿಲ್ಲ.

ಹಾಗಾಗಿ ಮಳೆಯನ್ನು ನಾವೇ ತರಿಸಬೇಕು: ಮೋಲ್ಡಿನ ಮೇಲೆ ನೀರು ಕಟ್ಟಬೇಕು. ಇಡೀ ತಪಾಸಣೆಯಲ್ಲಿ ಹೆಚ್ಚು ತಲೆನೋವು ಕೊಡುವುದು ಇದೇ, ಎಲ್ಲರೂ ಜಾರಿಕೊಳ್ಳುವುದೂ ಇದರಿಂದಲೇ. 12 ಚದರದ ಮೋಲ್ಡು ಅಂದರೆ ಸುಮಾರು 111 ಚದರ ಮೀಟರ್. ಎರಡು ಇಂಚು ನೀರು ನಿಲ್ಲಿಸಲು 5,500 ಲೀಟರ್ ಹತ್ತಿರ ಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಹೊಡೆಸಬೇಕಾಗುತ್ತದೆ. ನೀರಿಗೆ ತೊಂದರೆ ಇದ್ದರೆ ಒಂದು ಇಂಚು ಸಾಕು, ಅಥವಾ ಮಧ್ಯೆ ಗಾರೆಯ ಒಡ್ಡು ಹಾಕಿ ಅರ್ಧ ಅರ್ಧ ಮಾಡಿ. ಮಳೆನೀರಿನ ಪೈಪಿನ ಬಾಯಿಗೆ ಮರಳು ತುಂಬಿದ ಪ್ಲಾಸ್ಟಿಕ್ ಚೀಲ ತುರುಕಿ ಸುತ್ತ ಜೇಡಿಮಣ್ಣು ಮೆತ್ತಿದರೆ ನೀರು ನಿಲ್ಲುತ್ತದೆ. ಮೆಟ್ಟಿಲಿನ ಬಾಗಿಲ ಹತ್ತಿರ ನಾಲ್ಕು ಇಂಚಿನ ಒಡ್ಡು ಮರೆಯಬೇಡಿ, ಇಲ್ಲದಿದ್ದರೆ ನೀರೆಲ್ಲ ಹಾಲ್‌ಗೆ ಇಳಿಯುತ್ತದೆ.

‘ಮೋಲ್ಡಿಗೆ ಭಾರ ಆಗುತ್ತೆ ಸಾರ್’ ಅಂತ ಕಂಟ್ರಾಕ್ಟರ್ ಹೇಳಿಯೇ ಹೇಳುತ್ತಾರೆ. ಎರಡು ಇಂಚು ನೀರಿನ ಭಾರ ಒಂದು ಚದರ ಮೀಟರಿಗೆ 50 ಕೆ.ಜಿ. ಜನ ಓಡಾಡುವ ತಾರಸಿಯನ್ನು 150 ಕೆ.ಜಿ. ಲೆಕ್ಕಕ್ಕೆ ಡಿಸೈನ್ ಮಾಡಿರಬೇಕು. 50 ಕೆ.ಜಿ.ಗೆ ಹೆದರುವ ಮೋಲ್ಡು ಆಗಿದ್ದರೆ ಮಾತಾಡಬೇಕಾದ್ದು ನೀರಿನ ವಿಷಯವೇ ಅಲ್ಲ.

ನೀರು ಕನಿಷ್ಠ 48 ಗಂಟೆ ನಿಲ್ಲಬೇಕು, 72 ಆದರೆ ಇನ್ನೂ ಒಳ್ಳೆಯದು. ಮೊದಲ ದಿನ ಏನೂ ಕಾಣದೇ ಇರಬಹುದು. ನೀರು ಸಾಮಾನ್ಯವಾಗಿ ಮೊದಲು ತೊಟ್ಟಿಕ್ಕುವುದು ಫ್ಯಾನಿನ ಡಬ್ಬಿಯಲ್ಲಿ ಅಥವಾ ಲೈಟ್ ಪಾಯಿಂಟಿನಲ್ಲಿ, ಏಕೆಂದರೆ ಸ್ಲ್ಯಾಬಿನೊಳಗೆ ಹೂತಿರುವ ವೈರಿಂಗ್ ಪೈಪೇ ಅದಕ್ಕೆ ಸಲೀಸು ದಾರಿ. ಪರೀಕ್ಷೆ ಮುಗಿಯುವ ತನಕ ಮೇನ್ ಆಫ್ ಇರಲಿ. ಪಿಒಪಿ ಸೀಲಿಂಗ್ ಮಾಡಿಸಿದ್ದರೆ ಒಂದೆರಡು ಲೈಟು ಬಿಚ್ಚಿ ಟಾರ್ಚು ಹಾಕಿ ಮೇಲೆ ನೋಡಬೇಕು, ಇಲ್ಲದಿದ್ದರೆ ಪಿಒಪಿ ಹೀರಿಕೊಂಡು ವಾರದ ಮೇಲೆ ಕಲೆ ತೋರಿಸುತ್ತದೆ. ತಾರಸಿಗೆ ಆಗಲೇ ಟೈಲ್ಸ್ ಹಾಕಿದ್ದರೆ ಕೆಲಸ ಕಷ್ಟ: ನೀರು ಒಳಹೊಕ್ಕ ಜಾಗ ಒಂದು, ಕೆಳಗೆ ಒಸರುವ ಜಾಗ ಇನ್ನೊಂದು. ಆದ್ದರಿಂದ ಟೈಲ್ಸ್‌ಗೆ ಮೊದಲೇ ನೀರು ಕಟ್ಟಿಸಿ.

ನೀರು ಬಿಡುವಾಗಲೂ ನೋಡುವುದಿದೆ. ಪೈಪಿನ ಬಾಯಿ ಒಂದೊಂದಾಗಿ ತೆಗೆದು, ಬೆಂಡ್ ಇರುವ ಕಡೆ ಗೋಡೆ ನೆನೆಯುತ್ತದಾ ನೋಡಿ. ಎಲ್ಲ ಹರಿದುಹೋದ ಮೇಲೆ ಎಲ್ಲೆಲ್ಲಿ ಮಡು ಉಳಿಯಿತೋ ಅಲ್ಲಿ ವಾಟ (ಇಳಿಜಾರು) ತಪ್ಪಿದೆ ಅಂತ ಅರ್ಥ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೋ ತೆಗೆದಿಡಿ. ನೂರು ಅಡಿಗೆ ಒಂದು ಅಡಿ ವಾಟ ಇರಲೇಬೇಕು. ಹಾಗೇ ಪೈಪುಗಳನ್ನೂ ಎಣಿಸಿ. ಗಂಟೆಗೆ 100 ಮಿ.ಮೀ. ಮಳೆಯ ಲೆಕ್ಕಕ್ಕೆ ನಾಲ್ಕು ಇಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಗೆ ಸಾಕಾಗುತ್ತದೆ, ಅಂದರೆ 12 ಚದರಕ್ಕೆ ಮೂರು ಬೇಕು. ಎರಡೇ ಇಟ್ಟು ಮುಗಿಸಿದ ಮನೆಗಳು ಬೇಕಾದಷ್ಟಿವೆ. ಕಡೂರು, ಅರಸೀಕೆರೆಯಲ್ಲಿ ಅದು ಹೇಗೋ ನಡೆದೀತು. ಮೂಡಿಗೆರೆ, ಸಕಲೇಶಪುರದಲ್ಲಿ ಪ್ಯಾರಾಪೆಟ್ ಒಳಗೆ ಕೆರೆಯಾಗುತ್ತದೆ.

ಬಚ್ಚಲುಮನೆಗೂ ಇದೇ ಮದ್ದು. ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗುವ ತೂತಿನ) ಬಾಯಿ ಮುಚ್ಚಿ, ಬಾಗಿಲಿಗೆ ಒಡ್ಡು ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಟೈಲ್ಸ್ ಮೇಲೆ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೇ ನೀರು ತುಂಬಿದ ಒಂದು ಬಕೆಟ್ ಇಟ್ಟು ಅದಕ್ಕೂ ಗುರುತು ಹಾಕಿ. ಬೇಸಿಗೆಯಲ್ಲಿ ನೀರು ಆವಿಯಾಗಿಯೇ ಸ್ವಲ್ಪ ಇಳಿಯುತ್ತದೆ. ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಸರಿ, ನೆಲದಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಇಳಿದಿದ್ದರೆ ನಹಾನಿ ಕೀಲಿನಲ್ಲೋ ಮೂಲೆಯಲ್ಲೋ ದಾರಿ ಇದೆ. ಮೇಲ್ಮಹಡಿಯ ಬಚ್ಚಲಾದರೆ ಕೆಳಗಿನ ಚಾವಣಿ ನೋಡಬಹುದು. ನೆಲಮಹಡಿಯದ್ದಾದರೆ ಪಕ್ಕದ ರೂಮಿನ ಸ್ಕರ್ಟಿಂಗ್ ಮೇಲಿನ ಗೋಡೆ ನೋಡಬೇಕು. ತೇವ ಏರುವುದು ಅಲ್ಲಿಂದಲೇ.

ಇಷ್ಟಕ್ಕೂ ಮೂರು ದಿನ ಹಿಡಿಯುತ್ತದೆ. ಕಂಪನಿಯ ಹುಡುಗರು ಬೆಳಿಗ್ಗೆ ಬಂದು ಸಂಜೆ ಹೊರಡುವವರು. ಅವರು ಬರುವ ಮೊದಲೇ ನೀವೇ ನೀರು ಕಟ್ಟಿಸಿ ಇಡಬಹುದು ಅಂದುಕೊಳ್ಳಿ, ಆದರೆ ಸೋರಿದ ಮೇಲೆ ಕಂಟ್ರಾಕ್ಟರ್ ರಿಪೇರಿ ಮಾಡಿದಾಗ ಮತ್ತೆ ನೀರು ಕಟ್ಟಿ ನೋಡಬೇಕಲ್ಲ, ಅದಕ್ಕೆ ಮತ್ತೆ ಹಾಸನದ ತನಕ ನೂರೆಂಬತ್ತು ಕಿಲೋಮೀಟರ್, ಚಿಕ್ಕಮಗಳೂರಾದರೆ ಇನ್ನೂ ದೂರ, ಓಡಾಟದ ಖರ್ಚು ನಿಮ್ಮದೇ. ಊರಿನ ಎಂಜಿನಿಯರ್ ಆದರೆ ನೀರು ಕಟ್ಟಿದ ದಿನ, ಬಿಡುವ ದಿನ, ರಿಪೇರಿ ಆದ ಮೇಲೆ ಒಂದು ದಿನ ಸ್ಕೂಟರ್ ಹತ್ತಿ ಬಂದು ಹೋಗುತ್ತಾರೆ. ಕಂಪನಿಯ ಒಂದು ಬಿಲ್ಲಿನಲ್ಲಿ ಇವರ ಮೂರೂ ಭೇಟಿ ಮುಗಿದು ಎಲೆಕ್ಟ್ರಿಷಿಯನ್ನಿಗೂ ಉಳಿಯುತ್ತದೆ.

ಎಲೆಕ್ಟ್ರಿಕಲ್ ವಿಷಯದಲ್ಲಿ ಮಾತ್ರ ಕಂಪನಿಯವರು ಮುಂದೆ. ಎಲ್ಲ ಲೋಡು ಹಾಕಿ ಎಲ್ಲ ಸರ್ಕೀಟು ಕವಲೊಡೆಯುವ ಡಿಬಿ ಬಾಕ್ಸಿನ ಮುಂದೆ ಥರ್ಮಲ್ ಕ್ಯಾಮೆರಾ ಹಿಡಿದರೆ ಸಡಿಲ ಸ್ಕ್ರೂ ಇರುವ ಎಂಸಿಬಿ (ಲೋಡು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಕೂಡಲೇ ಕೆಂಪಗೆ ಕಾಣುತ್ತದೆ. ಇಲ್ಲಿ ಆ ಕ್ಯಾಮೆರಾ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಆದರೆ ಮನೆಗೆ ನಿಜವಾಗಿ ಅಪಾಯ ತರುವ ತಪ್ಪುಗಳಿಗೆ ಊರಿನ ಎಲೆಕ್ಟ್ರಿಷಿಯನ್ನಿನ ಮೆಗ್ಗರೇ ಸಾಕು. ಬಲ್ಬು, ಇನ್ವರ್ಟರ್, ಚಾರ್ಜರ್ ಎಲ್ಲ ತೆಗೆಸಿ 500 ವೋಲ್ಟಿನಲ್ಲಿ ಒಂದೊಂದು ಸರ್ಕೀಟಿಗೂ ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಅಳೆಯಬೇಕು. ಕನಿಷ್ಠ 1 ಮೆಗಾಓಮ್ ಬರಬೇಕು. ನ್ಯೂಟ್ರಲ್–ಅರ್ಥ್ ಸೊನ್ನೆ ತೋರಿಸಿದರೆ ಎಲ್ಲೋ ಎರಡನ್ನೂ ಸೇರಿಸಿದ್ದಾರೆ ಅಂತಲೇ. ಅರ್ಥ್ ತಂತಿ ಎಳೆಯುವ ಬದಲು ಸಾಕೆಟ್ಟಿನಲ್ಲೇ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಸುತ್ತಿಬಿಡುವ ಚಾಳಿ ಇದೆ, ಮತ್ತು ಮೂರು ಲೈಟಿನ ಅಗ್ಗದ ಸಾಕೆಟ್ ಟೆಸ್ಟರ್ ಇದನ್ನು ‘ಸರಿ’ ಅಂತಲೇ ತೋರಿಸುತ್ತದೆ. ಆ ಟೆಸ್ಟರ್ ನಂಬಿಕೊಂಡು ನಾವೇ ನೋಡುತ್ತೇವೆ ಅನ್ನುವವರು ಇಲ್ಲೇ ಎಡವುವುದು. ಇಂಥ ಜೋಡಣೆಯಿಂದ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಾದ ಆರ್‌ಸಿಸಿಬಿ ಪದೇ ಪದೇ ಬೀಳತೊಡಗಿದರೆ, ‘ಕಿರಿಕಿರಿ’ ಅಂತ ಅದನ್ನೇ ಬೈಪಾಸ್ ಮಾಡಿಬಿಡುವವರೂ ಇದ್ದಾರೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬಿದ್ದ ಮೇಲೂ ಯಾವುದಾದರೂ ಪಾಯಿಂಟಿನಲ್ಲಿ ಕರೆಂಟು ಉಳಿದಿದ್ದರೆ ಆ ಸರ್ಕೀಟು ಅದರ ಕಾವಲಿಲ್ಲದೆ ಓಡುತ್ತಿದೆ.

ಅರ್ಥ್ ಗುಂಡಿಯ ರೆಸಿಸ್ಟೆನ್ಸನ್ನು ಬೇಸಿಗೆಯಲ್ಲೇ ಅಳೆಸಿ, 5 ಓಮ್‌ಗಿಂತ ಕಮ್ಮಿ ಇರಲಿ. ಮಳೆಗಾಲದಲ್ಲಿ ನೆಲ ನೆನೆದಿರುವುದರಿಂದ ಎಂಥ ಗುಂಡಿಯೂ ಪಾಸಾಗುತ್ತದೆ. 1.5 ಚದರ ಮಿ.ಮೀ. ತಂತಿಯ ಮೇಲೆ 32 ಆಂಪಿಯರ್ ಎಂಸಿಬಿ ಕೂರಿಸಿದ್ದರೆ ಎಂಸಿಬಿ ಬೀಳುವ ಮೊದಲು ತಂತಿ ಸುಡುತ್ತದೆ, ಬದಲಾಯಿಸಲೇಬೇಕು. ಸೆಸ್ಕ್ ಅಥವಾ ಮೆಸ್ಕಾಂ ಮೀಟರ್ ಕೊಟ್ಟಿದೆ ಅಂದಮಾತ್ರಕ್ಕೆ ಒಳಗಿನ ವೈರಿಂಗ್ ಸರಿ ಇದೆ ಅಂತಲ್ಲ.

ನೀರಿನ ಪೈಪಿನ ಬಗ್ಗೆ ಒಂದು ಮಾತು. ಓವರ್‌ಹೆಡ್ ಟ್ಯಾಂಕಿನಿಂದ ಮೂರು ಮೀಟರ್ ಕೆಳಗಿನ ನಲ್ಲಿಗೆ ಬರುವ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.3 ಕೆ.ಜಿ. ಅಷ್ಟರಲ್ಲಿ ಸರಿಯಾಗಿ ಅಂಟದ ಕೀಲೂ ಸುಮ್ಮನಿರುತ್ತದೆ. ಮುಂದೆ ಪ್ರೆಷರ್ ಪಂಪ್ ಹಾಕಿಸಿದ ದಿನ ಗೋಡೆ ನೆನೆಯುತ್ತದೆ. ಕೈಪಂಪು, ಗೇಜ್ ಇರುವ ಪ್ಲಂಬರ್ ಸಿಕ್ಕರೆ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದಾ ನೋಡಿಸಿ.

ಕಿಟಕಿಗೆ ಇರಚಲು ಹೇಗೆ ಹೊಡೆಯುತ್ತದೆ ಅಂತ ಬಯಲುಸೀಮೆಯಿಂದ ಬಂದ ಮೇಸ್ತ್ರಿಗಳಿಗೆ ಗೊತ್ತಿರುವುದಿಲ್ಲ. ಸಜ್ಜಾದ ಕೆಳಅಂಚಿನಲ್ಲಿ ನೀರು ಕಡಿಯುವ ಸಣ್ಣ ತೋಡು ಇಲ್ಲದಿದ್ದರೆ ಹನಿ ಹಿಂದಕ್ಕೆ ಹರಿದು ಕಿಟಕಿಯ ತಲೆಗೆ ಬರುತ್ತದೆ. ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಹೊಡೆಯಿರಿ, ಒಳಗೊಬ್ಬರು ನಿಂತು ನೋಡಲಿ.

ಕಾಂಕ್ರೀಟಿನ ಗಟ್ಟಿತನಕ್ಕೆ ರೀಬೌಂಡ್ ಹ್ಯಾಮರ್ ಹೊಡೆದು ಅಂಕಿ ಬರೆದುಕೊಡುತ್ತೇವೆ ಅಂತ ಕಂಪನಿಯವರು ಪ್ಯಾಕೇಜಿನಲ್ಲಿ ಸೇರಿಸುತ್ತಾರೆ. ಗಾರೆಯ ಮೇಲೆ ಹೊಡೆದರೆ ಅದು ಗಾರೆಯ ಕಥೆ ಹೇಳುತ್ತದೆ. ಗಾರೆ ಕೆತ್ತಿ ಹೊಡೆದರೂ 25 ಶೇಕಡಾ ಆಚೀಚೆ. ಗಟ್ಟಿತನ ತಿಳಿಯಬೇಕಿದ್ದರೆ ಮೋಲ್ಡು ಹಾಕಿದ ದಿನವೇ 150 ಮಿ.ಮೀ. ಕ್ಯೂಬು ತುಂಬಿಸಿ 28ನೇ ದಿನ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಂಥ ಕಡೆ ಒಡೆಸಬೇಕಿತ್ತು. ಕೀಲಿಕೈ ತೆಗೆದುಕೊಳ್ಳುವ ಹೊತ್ತಿಗೆ ಈ ದುಡ್ಡು ದಂಡ.

ಬಿರುಕಿನ ವಿಷಯದಲ್ಲಿ ಅನುಭವಸ್ಥರ ಕಣ್ಣೇ ಬೇಕು. ಕಂಪನಿಯ ರಿಪೋರ್ಟಿನಲ್ಲಿ ಪೇಂಟಿನ ಕಲೆ, ಕದದ ಗೀರು, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಅಕ್ಷರದಲ್ಲಿ. ಗಾರೆಯ ಕೂದಲೆಳೆ ಬಿರುಕಿಗೆ ಪುಟ್ಟಿ ಸಾಕು, ಬೀಮಿಗೂ ಬ್ಲಾಕಿಗೂ ನಡುವೆ ಅಡ್ಡಲಾಗಿ ಬಂದಿದ್ದರೆ ಕೋಳಿಜಾಲರಿ ಹಾಕಿಲ್ಲ, ಓರೆ ಬಿರುಕಾದರೆ ತಳಪಾಯ ನೋಡಬೇಕು ಅಂತ ಬೇರ್ಪಡಿಸಿ ಹೇಳುವವರು ವರ್ಷಗಟ್ಟಲೆ ಸೈಟಿನಲ್ಲಿ ನಿಂತವರು.

ನಾವೇ ಮಾಡಿಕೊಳ್ಳಬಹುದಾದ್ದು: ಟೈಲ್ಸ್ ಮೇಲೆ ನಾಣ್ಯ ಬಡಿದು ಟೊಳ್ಳು ಸದ್ದು ಹುಡುಕುವುದು, ಬಾಗಿಲ ಚೌಕಟ್ಟಿನ ಎರಡೂ ಕರ್ಣ ಅಳೆಯುವುದು, ನಲ್ಲಿ–ಚಿಲಕ–ಫ್ಲಶ್. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಕಂಟ್ರಾಕ್ಟರೇ ‘ನಮ್ಮ ಎಂಜಿನಿಯರ್ ಇದಾರೆ, ನೋಡಿ ಹೇಳ್ತಾರೆ’ ಅಂದರೆ ಕಾಫಿ ಕೊಟ್ಟು ಕಳಿಸಿ.

ಬಿಲ್ಡರಿಂದ ಫ್ಲ್ಯಾಟೋ ವಿಲ್ಲಾವೋ ಕೊಳ್ಳುವವರಿಗೆ, ದೂರದಲ್ಲಿದ್ದು ಖುದ್ದಾಗಿ ಬರಲಾಗದವರಿಗೆ ನನ್ನ ಲೆಕ್ಕ ತಿರುಗುತ್ತದೆ: ಕಂಪನಿಯನ್ನೇ ಕರೆಸಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನಂತೆ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಂಡ ದೋಷವನ್ನು ತಿಳಿಸಿದ 30 ದಿನದಲ್ಲಿ ಬಿಲ್ಡರ್ ನಿಮ್ಮಿಂದ ದುಡ್ಡು ತೆಗೆದುಕೊಳ್ಳದೆ ಸರಿಪಡಿಸಬೇಕು. ಅಲ್ಲಿ ಫೋಟೋ ಸಮೇತದ ದಪ್ಪ ರಿಪೋರ್ಟಿಗೆ ಬೆಲೆ ಇದೆ. ಚದರಕ್ಕೆ ಇಷ್ಟು ಅಂತ ಮಾತಾಡಿ ಸ್ವಂತ ಸೈಟಿನಲ್ಲಿ ಕಟ್ಟಿಸಿದವರಿಗೆ ಆ ಕಲಮು ಸಿಗುವುದಿಲ್ಲ, ಕೈಯಲ್ಲಿ ಹಿಡಿದಿಟ್ಟ ದುಡ್ಡೇ ಅವರ ಕಾಯ್ದೆ. ಕರಾರು ಪತ್ರ ಬರೆಯುವಾಗಲೇ ಎರಡು ಸಾಲು ಸೇರಿಸಿ: ಮಾಲೀಕರು ಕರೆತಂದ ಎಂಜಿನಿಯರ್ ನೀರು ಕಟ್ಟಿ ಪರೀಕ್ಷಿಸಲು ಒಪ್ಪಿಗೆ ಇದೆ, ಒಟ್ಟು ಮೊತ್ತದ ಶೇ. 5 ಒಂದು ಮಳೆಗಾಲ ಕಳೆದು ದೀಪಾವಳಿಗೆ ಸಂದಾಯ. 30 ಲಕ್ಷದ ಮನೆಗೆ ಅದು ಒಂದೂವರೆ ಲಕ್ಷ, ಕಂಟ್ರಾಕ್ಟರ್ ಫೋನ್ ಎತ್ತುವಷ್ಟು ದೊಡ್ಡದು. ಆಮೇಲೆ ಕೇಳಿದರೆ ‘ನಮ್ಮೇಲೆ ನಂಬ್ಕೆ ಇಲ್ವಾ ಸಾರ್’ ಅಂತ ಮುಖ ಸಣ್ಣದಾಗುತ್ತದೆ, ಮೊದಲೇ ಬರೆದಿದ್ದರೆ ಆ ಮಾತೇ ಬರುವುದಿಲ್ಲ.

ಬಜೆಟ್ ತೀರಾ ಬಿಗಿ ಇದ್ದರೆ ನೀರು ಕಟ್ಟುವುದನ್ನು ನೀವೇ ಮಾಡಿ, ಎಂಜಿನಿಯರನ್ನು ಮೂರನೇ ದಿನಕ್ಕೆ ಒಂದೇ ಸಲ ಕರೆಸಿ. ಮೆಗ್ಗರಿನ ಎಲೆಕ್ಟ್ರಿಷಿಯನ್ನನ್ನು ಮಾತ್ರ ಕೈಬಿಡಬೇಡಿ.